‘ಕ್ಲೀಸ್’ ಕಂಡರೆಲ್ಲ ಪೆರಿಕ್ಲೀಸ್ ಅಲ್ಲ

ಪ್ರಶ್ನೆ: ಅಥೆನ್ಸಿನ ಒಡೆದ ಶಾಸನದಲ್ಲಿ ‘…ಕ್ಲೀಸ್’ ಅಂತ ಮಾತ್ರ ಉಳಿದಿದ್ದರೆ, ಅದನ್ನು ಕ್ರಿ.ಪೂ. ಐದನೇ ಶತಮಾನದ ಹೆಸರಾಂತ ದಂಡನಾಯಕ ಪೆರಿಕ್ಲೀಸ್ ಅಂತ ಓದಬಹುದಲ್ವಾ?

ಓದಬಾರದು. ಇದನ್ನು ಎಷ್ಟನೇ ಸಲ ಬರೆಯುತ್ತಿದ್ದೇನೋ ಲೆಕ್ಕ ಇಟ್ಟಿಲ್ಲ.

‘ಕ್ಲೀಸ್’ ಅನ್ನುವುದು ಕೀರ್ತಿ ಎಂಬ ಅರ್ಥದ ಮಾತಿನಿಂದ ಬಂದ ಬಾಲ. ದಂಡನಾಯಕ ಥೆಮಿಸ್ಟೊಕ್ಲೀಸ್‌ಗೂ ಇದೆ, ನಾಟಕಕಾರ ಸೋಫೊಕ್ಲೀಸ್‌ಗೂ ಇದೆ. ನಮ್ಮಲ್ಲಿ ‘…ಯ್ಯ’ ಅಂತ ಕಂಡ ಕೂಡಲೇ ವಿಶ್ವೇಶ್ವರಯ್ಯ ಅಂತ ಓದಿಬಿಡುತ್ತೇವೆಯೇ? ತಿಮ್ಮಯ್ಯ, ರಾಮಯ್ಯ ಎಲ್ಲಿಗೆ ಹೋಗಬೇಕು?

‘ಆದರೆ ಅಕ್ಷರ ಎಣಿಸಬಹುದಲ್ಲ’ ಅನ್ನುತ್ತಾರೆ. ಎಣಿಸೋಣ. ಅಥೆನ್ಸಿನ ಎಷ್ಟೋ ಕಲ್ಲುಗಳಲ್ಲಿ ಅಕ್ಷರಗಳು ಚೌಕುಳಿ ಹಾಳೆಯಲ್ಲಿ ಬರೆದ ಹಾಗೆ ಸಾಲಾಗಿ ನಿಂತಿರುತ್ತವೆ. ಹಾಗಾಗಿ ಎಷ್ಟು ಅಕ್ಷರ ಹೋಗಿದೆ ಅಂತ ಗೊತ್ತಾಗುತ್ತದೆ. ನಾಲ್ಕು ಹೋಗಿದೆ ಅಂತಿಟ್ಟುಕೊಳ್ಳಿ. ಗ್ರೀಕಿನಲ್ಲಿ ‘ಪೆರಿ’ಗೆ ನಾಲ್ಕೇ ಅಕ್ಷರ, ಸರಿ. ಫಿಲೊಕ್ಲೀಸ್, ಟಿಮೊಕ್ಲೀಸ್, ಮೆನೆಕ್ಲೀಸ್, ಯೂಥುಕ್ಲೀಸ್ ಹೆಸರುಗಳಲ್ಲೂ ‘ಕ್ಲೀಸ್’ ಮುಂಚೆ ನಾಲ್ಕೇ!

ನಮಗೆ ಪೆರಿಕ್ಲೀಸ್ ಮೊದಲು ನೆನಪಾಗುವುದು ಅವನ ಬಗ್ಗೆ ಪುಸ್ತಕಗಳು ಉಳಿದಿರುವುದರಿಂದ, ಅಷ್ಟೇ. ಪುಸ್ತಕದಲ್ಲಿ ಇಲ್ಲದವರೂ ಊರಿನಲ್ಲಿ ದೊಡ್ಡ ಹೆಸರಾಗಿರಬಹುದು. ಅರಿಸ್ಟೊನುಮೋಸನ ಮಗ ಕಲ್ಲಿಕ್ಸೆನೋಸ್ ಅಂತ ಒಬ್ಬನಿದ್ದ. ಬರಹ ಉಳಿದಿರುವ ಯಾವ ಇತಿಹಾಸಕಾರನೂ ಅವನ ಸುದ್ದಿ ಎತ್ತಿಲ್ಲ. ಆದರೆ ಅವನನ್ನು ಊರು ಬಿಡಿಸಬೇಕೆಂದು ಅವನ ಹೆಸರು ಗೀಚಿ ಮತ ಹಾಕಿದ ಮಡಕೆ ಚೂರುಗಳೇ ಇನ್ನೂರಕ್ಕಿಂತ ಜಾಸ್ತಿ ಸಿಕ್ಕಿವೆ.

ಹೋಗಲಿ, ಪೆರಿಕ್ಲೀಸ್ ಅಂತ ಪೂರ್ತಿ ಇದೆ ಅಂದುಕೊಳ್ಳಿ. ಯಾವ ಪೆರಿಕ್ಲೀಸ್? ಅವನ ಮಗನ ಹೆಸರೂ ಪೆರಿಕ್ಲೀಸೇ. ಅವನೂ ದಂಡನಾಯಕ, ಕ್ರಿ.ಪೂ. 406ರಲ್ಲಿ ಮರಣದಂಡನೆಗೆ ಗುರಿಯಾದವನು. ಅದಕ್ಕೇ ನಾವು ಪಕ್ಕದಲ್ಲಿ ಅಪ್ಪನ ಹೆಸರು, ಊರಿನ ಹೆಸರು ಹುಡುಕುವುದು. ‘ಕ್ಸಾಂಥಿಪ್ಪೋಸನ ಮಗ, ಖೋಲಾರ್ಗೋಸಿನವನು’ ಅಂತಿದ್ದರೆ ಅದು ಅಪ್ಪ ಪೆರಿಕ್ಲೀಸೇ ಅಂತ ನಾನೂ ಒಪ್ಪುತ್ತೇನೆ. ಆದರೆ ಅಚ್ಚಾದ ಶಾಸನ ಪಾಠದಲ್ಲಿ ಚೌಕ ಆವರಣದೊಳಗೆ ಇರುವುದನ್ನು ಸಾಕ್ಷಿ ಅಂತ ತರಬೇಡಿ. ಅದು ಸಂಪಾದಕರು ತುಂಬಿದ್ದು, ಕಲ್ಲಿನಲ್ಲಿ ಇಲ್ಲ.

ಕ್ಸಾಂಥಿಪ್ಪೋಸ್ ಅಂದೆನಲ್ಲ, ಅದರಲ್ಲಿರುವ ‘ಹಿಪ್ಪೋಸ್’ ಅಂದರೆ ಕುದುರೆ. ಕುದುರೆ ಸಾಕುವುದು ಸಿರಿವಂತರ ಬಾಬತ್ತು, ಹಾಗಾಗಿ ಹೆಸರಿಗೂ ಗತ್ತು. ಗ್ರೀಕ್ ಹಾಸ್ಯ ನಾಟಕಕಾರ ಅರಿಸ್ಟೊಫನೀಸನ ‘ಮೋಡಗಳು’ ನಾಟಕದಲ್ಲಿ ಇದರ ಮೇಲೇ ಗಂಡ ಹೆಂಡತಿ ಜಗಳ. ಅವಳಿಗೆ ಮಗನ ಹೆಸರಿನಲ್ಲಿ ಕುದುರೆ ಬೇಕು. ಗಂಡನಿಗೆ ಅಜ್ಜನ ಹೆಸರು ಬೇಕು: ಫೀಡೊನಿಡೀಸ್, ಅಂದರೆ ಕೈ ಬಿಗಿ ಮನುಷ್ಯ. ಕೊನೆಗೆ ಎರಡನ್ನೂ ಸೇರಿಸಿ ಫೀಡಿಪ್ಪಿಡೀಸ್ ಅಂತ ಇಟ್ಟರು. ಹುಡುಗ ಅಜ್ಜನ ಪಾಲನ್ನು ಮೂಸಿಯೂ ನೋಡಲಿಲ್ಲ. ಕುದುರೆ ಹುಚ್ಚು ಹಿಡಿಸಿಕೊಂಡು ಅಪ್ಪನ ತಲೆ ಮೇಲೆ ಸಾಲ ಹೊರಿಸಿದ.