ಅಕ್ಕನ ಮಗಳನ್ನು ತಂದುಕೊಂಡರೆ ಕಂಪ್ಯೂಟರ್‌ಗೇಕೆ ತಲೆನೋವು?

ದಾವಣಗೆರೆ, ಚಿತ್ರದುರ್ಗದ ಕಡೆ ಪೌತಿ ಖಾತೆ ಮಾಡಿಸಬೇಕಾದರೆ ವಂಶವೃಕ್ಷ ಬೇಕು. ಅದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕುತ್ತೇವೆ. ಮುಂಚೆ ಈ ಲೆಕ್ಕವೆಲ್ಲ ಹೆಳವರ ಬಳಿ ಇರುತ್ತಿತ್ತು. ಎತ್ತಿನೊಂದಿಗೆ ಬಂದು, ಮನೆ ಮುಂದೆ ವಂಶ ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳುಕಡಿ ಪಡೆದು ಹೋಗುತ್ತಿದ್ದರು. ಎರಡರಲ್ಲೂ ಮೇಲೆ ಹಿರಿಯರು, ಕೆಳಗೆ ಮಕ್ಕಳು. ಕಂಪ್ಯೂಟರ್‌ನವರು ಇಂಥ ಜೋಡಣೆಯನ್ನು ‘ಟ್ರೀ’ ಅನ್ನುತ್ತಾರೆ. ಅದರಲ್ಲಿ ಒಮ್ಮೆ ಬೇರೆಯಾದ ಕವಲುಗಳು ಮತ್ತೆ ಕೂಡುವ ಹಾಗಿಲ್ಲ. ನಮ್ಮ ಮನೆಗಳಲ್ಲಿ ಕೂಡುತ್ತವಲ್ಲ!

1590ರಲ್ಲಿ ಆಸ್ಟ್ರಿಯಾದ ಮೈಕೇಲ್ ಐಟ್ಸಿಂಗರ್ ಪೂರ್ವಿಕರಿಗೆ ನಂಬರ್ ಕೊಡುವ ಕ್ರಮವೊಂದನ್ನು ಪ್ರಕಟಿಸಿದ. ನೀವು 1, ತಂದೆ 2, ತಾಯಿ 3. ಯಾರ ನಂಬರನ್ನಾದರೂ ಎರಡರಿಂದ ಗುಣಿಸಿದರೆ ಅವರ ತಂದೆ, ಅದಕ್ಕೆ ಒಂದು ಸೇರಿಸಿದರೆ ತಾಯಿ. ಪ್ರತಿ ಕವಲೂ ಹೆಚ್ಚೆಂದರೆ ಎರಡಾಗಿ ಒಡೆಯುವ ‘ಬೈನರಿ ಟ್ರೀ’ಯನ್ನು ಕಂಪ್ಯೂಟರ್‌ನಲ್ಲಿ ನಂಬರ್ ಹಾಕಿದ ಖಾನೆಗಳ ಸಾಲಿನಲ್ಲಿ (ಅರೇ) ಇಡುವಾಗ ಇವತ್ತಿಗೂ ಬಳಸುವುದು ಇದೇ ಲೆಕ್ಕ.

ಈಗ ನಿಮ್ಮ ತಂದೆ ಅಕ್ಕನ ಮಗಳನ್ನು ತಂದುಕೊಂಡಿದ್ದಾರೆ ಅಂತಿಟ್ಟುಕೊಳ್ಳಿ. ತಂದೆಯ ಅಪ್ಪ 4, ಅಮ್ಮ 5. ತಾಯಿಯ ತಾಯಿ 7, ಆಕೆಯ ಅಪ್ಪ-ಅಮ್ಮ 14 ಮತ್ತು 15. ಆದರೆ ಆ 7 ನಿಮ್ಮ ತಂದೆಯ ಅಕ್ಕನೇ ಅಲ್ವಾ? ಅಲ್ಲಿಗೆ 4, 14 ಒಬ್ಬರೇ. 5, 15 ಕೂಡ ಒಬ್ಬರೇ. ಒಂದು ಕಡೆ ಹೆಸರು ತಿದ್ದಿ ಇನ್ನೊಂದು ಕಡೆ ಮರೆತರೆ ಒಬ್ಬ ಅಜ್ಜ ಇಬ್ಬರಾಗಿಬಿಡುತ್ತಾರೆ.

ಇದಕ್ಕೆ ಸುಮ್ನೆ ನಮ್ಮ ಪದ್ಧತಿಯನ್ನು ಮಾತ್ರ ದೂರಬೇಕಿಲ್ಲ. 1570ರಲ್ಲಿ ಸ್ಪೇನಿನ ಎರಡನೇ ಫಿಲಿಪ್ ತನ್ನ ತಂಗಿಯ ಮಗಳನ್ನೇ ಮದುವೆಯಾದ. ಅವರ ಮಗ ಮೂರನೇ ಫಿಲಿಪ್‌ನ ಪಟ್ಟಿಯಲ್ಲೂ 4 ಮತ್ತು 14 ಒಬ್ಬನೇ: ಐದನೇ ಚಾರ್ಲ್ಸ್.

ಈ ತೊಡಕಿಗೆ ದಾರಿಯಾದದ್ದು 1984ರಲ್ಲಿ ಅಮೆರಿಕದ ಮಾರ್ಮನ್ ಚರ್ಚ್ ತಂದ ‘ಜೆಡ್‌ಕಾಮ್’ (GEDCOM) ಎಂಬ, ವಂಶದ ವಿವರವನ್ನು ಕಂಪ್ಯೂಟರ್‌ನಲ್ಲಿ ಬರೆದಿಡುವ ಕ್ರಮ. ಅದರಲ್ಲಿ ಒಬ್ಬರಿಗೆ ಒಂದೇ ದಾಖಲೆ. ಕುಟುಂಬಕ್ಕೆ ಬೇರೆ ದಾಖಲೆ. ಗಂಡ, ಹೆಂಡತಿ, ಮಕ್ಕಳು ಯಾರೆಂದು ಅದು ಬೆರಳು ಮಾಡಿ ತೋರಿಸುತ್ತದೆ, ಅಷ್ಟೇ. ಹಾಗಾಗಿ ಅಜ್ಜನನ್ನು ಎಷ್ಟು ಕಡೆಯಿಂದ ತೋರಿಸಿದರೂ ಅಜ್ಜ ಒಬ್ಬರೇ. ಟ್ರೀ ಹೋಗಿ, ಕವಲುಗಳು ಮತ್ತೆ ಕೂಡಬಹುದಾದ ‘ಗ್ರಾಫ್’ ಬಂತು.

ಆದರೂ ತುಂಬಾ ಸಾಫ್ಟ್‌ವೇರ್‌ಗಳು ಸೋದರಮಾವ, ದೊಡ್ಡಪ್ಪ ಇಬ್ಬರನ್ನೂ ‘ಅಂಕಲ್’ ಎಂದು ಒಂದೇ ಸಾಲಿಗೆ ನಿಲ್ಲಿಸುತ್ತವೆ. ನನಗೆ ಸಿಟ್ಟು ಬರುವುದು ಇಲ್ಲೇ. ಯಾಕೆಂದರೆ ಈ ವ್ಯತ್ಯಾಸವೇನೂ ಹೊಸ ಸುದ್ದಿಯಲ್ಲ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಪ್ರಶ್ನೆಪಟ್ಟಿ ಕಳಿಸಿ ಹಲವು ನಾಡುಗಳ ಸಂಬಂಧಗಳನ್ನು ಕಲೆಹಾಕಿ 1871ರಲ್ಲೇ ಪ್ರಕಟಿಸಿದ್ದ. ಚಿಕ್ಕಪ್ಪನ ಮಕ್ಕಳು ಒಡಹುಟ್ಟಿದವರು, ಸೋದರಮಾವನ ಮಕ್ಕಳು ಹಾಗಲ್ಲ ಎನ್ನುವ ದಕ್ಷಿಣ ಭಾರತದ ಲೆಕ್ಕ ಅಮೆರಿಕದ ಮೂಲನಿವಾಸಿಗಳಾದ ಸೆನೆಕಾ ಜನರಲ್ಲೂ ಇರುವುದನ್ನು ಅವನು ಗುರುತಿಸಿದ್ದ.

ನನ್ನ ಪ್ರಕಾರ ‘ಅತ್ತೆ’, ‘ಮಾವ’ ಎಂದು ದಾಖಲೆಯಲ್ಲಿ ಬರೆದಿಡಲೇಬಾರದು. ಹುಟ್ಟು, ಮದುವೆ, ಗಂಡೋ ಹೆಣ್ಣೋ, ಯಾರು ಹಿರಿಯರು, ಇಷ್ಟಿದ್ದರೆ ಸಾಕು. ಸಂಬಂಧವನ್ನು ಆಯಾ ಜನರ ನಿಯಮದಂತೆ ಕಂಪ್ಯೂಟರೇ ಹುಡುಕಿಕೊಳ್ಳಲಿ. ಹಿರಿತನಕ್ಕೆ ಹುಟ್ಟಿದ ದಿನಾಂಕವನ್ನೇ ನಂಬುವುದು ಬೇಡ. ಶಾಲೆಗೆ ಸೇರಿಸುವಾಗ ಬರೆಸಿದ ಜೂನ್ 1 ಎಷ್ಟು ಜನರದ್ದಿಲ್ಲ! ಯಾರ ಬೆನ್ನಿಗೆ ಯಾರು ಹುಟ್ಟಿದರು ಎಂಬ ಸಾಲನ್ನೇ ಇಡಬೇಕು. ಇನ್ನು ಆ 7ನೇ ನಂಬರಿನಾಕೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಅಲ್ಲಿ ಎರಡನ್ನೂ ತೋರಿಸಲಿ. ಏನಂತ ಕರೆಯಬೇಕೆಂದು ಮನೆಯವರೇ ನೋಡಿಕೊಳ್ಳುತ್ತಾರೆ.