ಫೆಬ್ರವರಿಯ ಇಮೇಜ್, ಮೇ ತಿಂಗಳ ಸರ್ವರ್

ಮೇ ತಿಂಗಳ ಗುಡುಗುಮಳೆ ಶುರುವಾದರೆ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ನನಗೆ ಫೋನುಗಳೂ ಶುರುವಾಗುತ್ತವೆ. ಸುಟ್ಟ ಯುಪಿಎಸ್, ಮೇಲೇಳದ ಸರ್ವರ್. ಮಲೆನಾಡಿನಲ್ಲಿ ಕೆಲಸ ಮಾಡುವವನು ಸಿಡಿಲಿನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ನನಗೆ ಸಿಟ್ಟು ಬರುವುದು ಆಮೇಲಿನ ಮಾತಿಗೆ: “ನೀವು ಬರುವುದೇನೂ ಬೇಡ ಮಾರಾಯರೇ, ಫೆಬ್ರವರಿಯ ಇಮೇಜ್ ಇತ್ತು, ಹಾಕಿಬಿಟ್ಟೆವು.” ಇಮೇಜ್ ಎಂದರೆ ಇಡೀ ಡಿಸ್ಕಿನ ಯಥಾಪ್ರತಿ.

ಫೈಲ್ ಸರ್ವರ್ ಆಗಿದ್ದರೆ ನಾನೇ ಬೆನ್ನು ತಟ್ಟುತ್ತಿದ್ದೆ. ಡೊಮೈನ್ ಕಂಟ್ರೋಲರ್‌ಗೆ, ಅಂದರೆ ಸಂಸ್ಥೆಯ ಎಲ್ಲರ ಖಾತೆ, ಪಾಸ್‌ವರ್ಡ್ ಇಟ್ಟುಕೊಂಡು ಬದಲಾವಣೆಗಳನ್ನು ಇತರ ಕಂಟ್ರೋಲರ್‌ಗಳ ಜೊತೆ ಹಂಚಿಕೊಳ್ಳುವ ಸರ್ವರ್‌ಗೆ, ಹಾಗೆ ಮಾಡಬಾರದು. ಯಾಕೆಂದು ಅಡಿಕೆ ಮಂಡಿಯ ಲೆಕ್ಕದಲ್ಲಿ ಹೇಳುತ್ತೇನೆ.

ಶಾಖೆಯ ಗುಮಾಸ್ತ ಪ್ರತಿ ಚೀಟಿಗೂ ಕ್ರಮಸಂಖ್ಯೆ ಹಾಕುತ್ತಾನೆ. ಶಿವಮೊಗ್ಗದ ಗುಮಾಸ್ತ ಕೇಳುವುದು ಒಂದೇ: “ನಿನ್ನದು 9,000ದವರೆಗೆ ಬರೆದುಕೊಂಡಿದ್ದೇನೆ, ಮುಂದಿನದು ಕೊಡು.” ಒಂದು ದಿನ ಶಾಖೆಯವನು ಹಳೆಯ ಪುಸ್ತಕ ಹಿಡಿದು 7,001ರಿಂದ ಮತ್ತೆ ಚೀಟಿ ಹರಿಯತೊಡಗುತ್ತಾನೆ. ಶಿವಮೊಗ್ಗದವನು ಈಗಲೂ 9,000ದ ಮುಂದಿನದನ್ನೇ ಕೇಳುವುದರಿಂದ ಹೊಸ ಚೀಟಿಗಳು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಶಾಖೆ ಕಳೆದುಕೊಂಡ ಹಳೆಯ ಎರಡು ಸಾವಿರವನ್ನು ಅವನು ವಾಪಸು ಕೊಡುವುದೂ ಇಲ್ಲ. ಅವು ನಿನ್ನವೇ ಅಲ್ಲವೇ ಎನ್ನುತ್ತಾನೆ. ತಕರಾರಿಲ್ಲ, ಲೆಕ್ಕ ಮಾತ್ರ ಬೇರೆ ಬೇರೆ.

ಗುಮಾಸ್ತರೆಂದರೆ ಎರಡು ಕಡೆಯ ಕಂಟ್ರೋಲರ್‌ಗಳು, ಚೀಟಿಯೆಂದರೆ ಒಂದೊಂದು ಬದಲಾವಣೆ. ಆ ಕ್ರಮಸಂಖ್ಯೆಯೇ ಯುಎಸ್‌ಎನ್ (ಅಪ್‌ಡೇಟ್ ಸೀಕ್ವೆನ್ಸ್ ನಂಬರ್). ಪುಸ್ತಕದ ಗುರುತು ಇನ್ವೊಕೇಶನ್ ಐಡಿ. ವಿಂಡೋಸ್ ಒದಗಿಸುವ ಸಿಸ್ಟಮ್ ಸ್ಟೇಟ್ ಬ್ಯಾಕಪ್‌ನಿಂದ ಕ್ರಮವಾಗಿ ಮರಳಿಸಿದರೆ ಗುರುತು ಬದಲಾಗುತ್ತದೆ, ಇದು ಹೊಸ ಪುಸ್ತಕವೆಂದು ಎದುರಿನವನಿಗೆ ಗೊತ್ತಾಗುತ್ತದೆ. ಡಿಸ್ಕ್ ಇಮೇಜ್ ಹಾಕಿದರೆ ಗೊತ್ತಾಗುವುದಿಲ್ಲ. ವರ್ಚುವಲ್ ಯಂತ್ರದಲ್ಲಿ, ಅದನ್ನು ನಡೆಸುವ ಹೈಪರ್‌ವೈಸರ್ ಬೆಂಬಲಿಸಿದರೆ, ವಿಂಡೋಸ್ ಸರ್ವರ್ 2012ರಿಂದೀಚೆಗೆ ಸ್ನ್ಯಾಪ್‌ಶಾಟ್‌ಗೆ (ಯಂತ್ರದ ಹಿಂದಿನ ಒಂದು ಕ್ಷಣದ ಸ್ಥಿತಿಗೆ) ಮರಳಿದರೂ ರಕ್ಷಣೆ ಇದೆ. ಆದರೆ ಆ ಯಂತ್ರದ ಡಿಸ್ಕ್ ಫೈಲಿನ ಮೇಲೆಯೇ ಹಳೆಯ ಫೈಲನ್ನು ನಕಲಿಸಿದವರಿಗೆ ಅದೂ ಇಲ್ಲ.

ಒಂದು ಸಹಕಾರ ಸಂಘದಲ್ಲಿ ಹೀಗೆಯೇ ಆಯಿತು. ಶಾಖೆಯಲ್ಲಿ ಹೊಸದಾಗಿ ಸೇರಿದ ಕ್ಯಾಷಿಯರ್ ಶಿವಮೊಗ್ಗಕ್ಕೆ ತರಬೇತಿಗೆ ಬಂದರು. ಲಾಗಿನ್ ಆಗಲಿಲ್ಲ. ಪಾಸ್‌ವರ್ಡ್ ಮರೆತಿದ್ದೀರಿ ಎಂದು ಮೂರು ದಿನ ಅವರಿಗೇ ಬುದ್ಧಿ ಹೇಳಿದರು. ಅವರ ಖಾತೆ ಶಿವಮೊಗ್ಗದಲ್ಲಿ ಇರಲೇ ಇಲ್ಲ. ಕಂಟ್ರೋಲರ್‌ಗಳ ನಡುವಿನ ವಿನಿಮಯವನ್ನು (ರೆಪ್ಲಿಕೇಶನ್) ಪರೀಕ್ಷಿಸುವ ರೆಪ್‌ಅಡ್ಮಿನ್ ವರದಿಯಲ್ಲಿ ನೋಡಿದರೆ ಎಲ್ಲವೂ ಯಶಸ್ವಿ!

ಅದೃಷ್ಟವಿದ್ದರೆ ಸರ್ವರ್ ತಾನೇ ತಪ್ಪನ್ನು ಹಿಡಿದು, ಈವೆಂಟ್ 2095 ಬರೆದು, ರೆಪ್ಲಿಕೇಶನ್ ನಿಲ್ಲಿಸುತ್ತದೆ. ಆಗ ವಿಂಡೋಸ್‌ನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಗೆ ಕೈಹಾಕಿ ಆ ತಡೆಯನ್ನು ಕಿತ್ತುಹಾಕುವ ಜಾಣರಿದ್ದಾರೆ, ದಯವಿಟ್ಟು ಬೇಡ. ಸಂಖ್ಯೆ 9,000 ದಾಟಿದ ಮೇಲೆ ತಪ್ಪು ಪತ್ತೆಯೇ ಆಗದೆ ಉಳಿಯಬಹುದು. ಸಾಮಾನ್ಯವಾಗಿ ನಾನು ಮಾಡುವುದು ಇಷ್ಟು: ಆ ಸರ್ವರನ್ನು ಬಲವಂತವಾಗಿ ಡಿಮೋಟ್ ಮಾಡುವುದು (ಕಂಟ್ರೋಲರ್ ಸ್ಥಾನದಿಂದ ಇಳಿಸುವುದು), ಸರಿಯಿರುವ ಕಂಟ್ರೋಲರ್‌ನಲ್ಲಿ ಅದರ ಮೆಟಾಡೇಟಾ (ಅದರ ಬಗ್ಗೆ ಉಳಿದ ದಾಖಲೆ) ಅಳಿಸುವುದು, ಮತ್ತೆ ಹೊಸದಾಗಿ ಸೇರಿಸುವುದು. ಎಫ್‌ಎಸ್‌ಎಂಒ ಪಾತ್ರಗಳು (ಒಂದು ಸಲಕ್ಕೆ ಒಂದೇ ಕಂಟ್ರೋಲರ್ ಮಾಡುವ ವಿಶೇಷ ಕೆಲಸಗಳು) ಅದರಲ್ಲಿದ್ದರೆ ಅವನ್ನು ಇನ್ನೊಂದಕ್ಕೆ ವಹಿಸಬೇಕು. ಇಮೇಜ್ ಹಾಕಿದ ನಂತರ ಅಲ್ಲಿ ಮಾತ್ರ ಹುಟ್ಟಿದ ಖಾತೆಗಳನ್ನು ಮೊದಲೇ ಪಟ್ಟಿ ಮಾಡಿಕೊಳ್ಳಿ, ಡಿಮೋಟ್ ಮಾಡಿದರೆ ಅವು ಹೋದವೇ. ಇರುವ ಒಂದೇ ಕಂಟ್ರೋಲರ್ ಇದಾಗಿದ್ದರೆ ಅಥವಾ ಎರಡಕ್ಕೂ ಇಮೇಜ್ ಹಾಕಿದ್ದರೆ ಕಣ್ಣಾರೆ ನೋಡದೆ ನಾನೇನೂ ಹೇಳಲಾರೆ.

ಆ ಸಂಘದ ಮ್ಯಾನೇಜರಿಗೆ, ಇಮೇಜ್ ಇರುವ ಡಿಸ್ಕನ್ನು ಅಳಿಸಿಬಿಡಿ ಎಂದು ಹೇಳಿ ಬಂದಿದ್ದೆ. ನವರಾತ್ರಿ ಕಳೆದ ಮೇಲೆ ಹೋದಾಗ ಬೀರುವಿನಲ್ಲೇ ಇತ್ತು, ಆಯುಧಪೂಜೆಯ ಕುಂಕುಮ ಹಚ್ಚಿಸಿಕೊಂಡು.