ಒಂದೇ ಡಿಸೈನ್ ಮಣ್ಣಿಗೂ ಕಲ್ಲಿಗೂ ಲೋಹಕ್ಕೂ ನಡೆಯುತ್ತದಾ?

ಪ್ರಶ್ನೆ: ಕಲಬುರಗಿಯಲ್ಲಿ ಶಿಲ್ಪಕಲೆ ಓದುತ್ತಿದ್ದೇನೆ. ಈ ವರ್ಷ ಮಣ್ಣು, ಪ್ಲಾಸ್ಟರ್, ಕಲ್ಲು, ಲೋಹ ನಾಲ್ಕರಲ್ಲೂ ಪ್ರಾಜೆಕ್ಟ್ ಕೊಡಬೇಕು. ಮಣ್ಣಿನಲ್ಲಿ ಒಂದು ಮುಖ ಚೆನ್ನಾಗಿ ಬಂದಿದೆ. ಉಳಿದ ಮೂರರಲ್ಲೂ ಅದನ್ನೇ ಮಾಡಿದರೆ ಆಗಲ್ವಾ?

ಪ್ಲಾಸ್ಟರಿಗೆ ಆಗುತ್ತದೆ. ಲೋಹಕ್ಕೆ ಅರ್ಧ ಆಗುತ್ತದೆ. ಕಲ್ಲಿಗೆ ದಯವಿಟ್ಟು ಬೇಡ.

ಮಣ್ಣಿನಿಂದ ಪ್ಲಾಸ್ಟರಿಗೆ ಹೋಗುವುದು ಅಂದರೆ ಮಣ್ಣಿನ ಮುಖದಿಂದ ಪ್ಲಾಸ್ಟರಿನ ಅಚ್ಚು ತೆಗೆದು, ಅದರೊಳಗೆ ಮತ್ತೆ ಪ್ಲಾಸ್ಟರ್ ತುಂಬುವುದು, ಆಕಾರ ಹಾಗೇ ದಾಟುತ್ತದೆ. ನೀರಿಗೆ ಪ್ಲಾಸ್ಟರ್ ಉದುರಿಸಿ, ಪ್ಲಾಸ್ಟರಿಗೆ ನೀರು ಸುರಿಯಬೇಡಿ, ಗಂಟು ಕಟ್ಟುತ್ತದೆ. ಅಚ್ಚಿನ ಮೊದಲ ಪದರಕ್ಕೆ ಸ್ವಲ್ಪ ನೀಲಿ ಬಣ್ಣ ಬೆರೆಸಿ. ಆಮೇಲೆ ಅಚ್ಚು ಒಡೆಯುವಾಗ ನೀಲಿ ಕಂಡ ಕೂಡಲೇ ಮುಖ ಅದರ ಕೆಳಗೇ ಇದೆ, ಕೈ ನಿಧಾನ ಮಾಡಬೇಕು ಅಂತ ಗೊತ್ತಾಗುತ್ತದೆ. ಇನ್ನೊಂದು ಮಾತು, ನಮ್ಮ ಹೊಲದ ಎರೆಮಣ್ಣನ್ನು ಹಾಗೇ ಬಳಸಬೇಡಿ, ಅದು ಒಣಗುವಾಗ ವಿಪರೀತ ಕುಗ್ಗುತ್ತದೆ, ಅದರ ಮೇಲೆ ನಮ್ಮ ಬೇಸಿಗೆ ಬೇರೆ. ಮರಳು ಬೆರೆಸಿ, ರಾತ್ರಿ ಒದ್ದೆ ಬಟ್ಟೆ ಸುತ್ತಿಡಿ.

ಈಗ ಕಲ್ಲು. ನಿಮಗೆ ಸುಲಭವಾಗಿ ಸಿಗುವುದು ಶಹಾಬಾದ್ ಪರಸಿ, ಅಲ್ವಾ? ಅದು ಪದರ ಪದರವಾದ ಸುಣ್ಣದಕಲ್ಲು, ಆ ಪದರಗಳಿಂದಲೇ ಅಷ್ಟು ಚಂದ ಹಾಳೆಹಾಳೆಯಾಗಿ ಏಳುತ್ತದೆ, ಮನೆಮನೆಗೂ ನೆಲವಾಗುತ್ತದೆ. ಅಂಥ ಕಲ್ಲಿನಲ್ಲಿ ಮೂಗು ಮುಂದೆ ಚಾಚಿದ, ಕಿವಿ ಹೊರಗೆ ನಿಂತ ದುಂಡು ಮುಖ ಕಡಿಯಲು ಹೋದರೆ, ನೀವು ಎಷ್ಟೇ ಜೋಪಾನವಾಗಿ ಉಳಿ ಇಟ್ಟರೂ, ಒಂದು ದಿನ ಪದರ ಎದ್ದು ಅರ್ಧ ಕೆನ್ನೆ ಕೈಗೆ ಬರುತ್ತದೆ. ತಪ್ಪು ಕಲ್ಲಿನದಲ್ಲ. ಅದು ಕೇಳುವುದೇ ಬೇರೆ, ತೆಳು ಉಬ್ಬುಶಿಲ್ಪ.

ನಂಬಿಕೆ ಬರದಿದ್ದರೆ ಚಿತ್ತಾಪುರ ಕಡೆ ಸನ್ನತಿಗೆ ಹೋಗಿ, ಪಕ್ಕದ ಕನಗನಹಳ್ಳಿ ಸ್ತೂಪದ ಫಲಕಗಳನ್ನು ಸಮಾಧಾನವಾಗಿ ನೋಡಿ. ಅವೂ ಸುಣ್ಣದಕಲ್ಲಿನವೇ. ಅಶೋಕ ಚಕ್ರವರ್ತಿ, ಪಕ್ಕದಲ್ಲಿ ರಾಣಿ, ಸೇವಕಿಯರು, ಜೊತೆಗೆ ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’ ಅನ್ನುವ ಹೆಸರು, ಎಲ್ಲವೂ ಒಂದು ಚಪ್ಪಟೆ ಫಲಕದಲ್ಲಿ. ಕಲ್ಲಿನ ದಪ್ಪದಲ್ಲಿ ಸ್ವಲ್ಪ ಭಾಗವನ್ನಷ್ಟೇ ಕಡಿದು ಅಷ್ಟು ಜನರನ್ನು ನಿಲ್ಲಿಸಿದ್ದಾರೆ. ಶಿಲ್ಪ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಪಾಠ ಈ ಸೀಮೆಯಲ್ಲಿ ಇನ್ನೊಂದಿಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಕಡಿಯುವ ಮೊದಲು ಪರಸಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಠಣ್ ಅಂದರೆ ಗಟ್ಟಿ, ಮಂದವಾದರೆ ಒಳಗೆ ಬಿರುಕಿರಬಹುದು. ಅಂಚಿನಿಂದ ಒಳಕ್ಕೆ ಹೊಡೆಯಿರಿ, ಒಳಗಿನಿಂದ ಅಂಚಿಗೆ ಹೊಡೆದರೆ ಅಂಚೇ ಹಾರಿಹೋಗುತ್ತದೆ. ಮಾಸ್ಕ್, ಕನ್ನಡಕ ಇಲ್ಲದೆ ಕೂರಬೇಡಿ. ಸುರಪುರ ಕಡೆಯ ಗ್ರಾನೈಟ್ ಮೇಲೆ ಆಸೆ ಇದ್ದರೆ ಅದು ಮುಂದಿನ ವರ್ಷಕ್ಕಿರಲಿ.

ಲೋಹಕ್ಕೆ ಅರ್ಧ ಅಂದೆನಲ್ಲ, ಅದು ಬೀದರಿನ ಬಿದ್ರಿ ಕಲೆ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕೆಲಸ, ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು. ಬಿದ್ರಿ ಲೋಹದಲ್ಲಿ ಜಾಸ್ತಿ ಇರುವುದು ಸತು, ಜೊತೆಗೆ ಸ್ವಲ್ಪ ತಾಮ್ರ. ಸತು 419 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುತ್ತದೆ, ಹಾಗಾಗಿ ಚಿಕ್ಕ ಕುಲುಮೆ ಸಾಕು. ಹರಳೆಣ್ಣೆ, ರಾಳ ಬೆರೆಸಿದ ಮಣ್ಣಿನ ಅಚ್ಚಿಗೆ ಎರಕ ಹೊಯ್ಯುತ್ತಾರೆ. ಮಾದರಿಯನ್ನು ಆ ಅಚ್ಚಿನಿಂದ ಎಳೆದು ತೆಗೆಯಬೇಕಲ್ಲ, ನಿಮ್ಮ ಮುಖದ ಕಿವಿ ಹಿಂದಿನ ಸಂದು, ಗುಂಗುರು ಕೂದಲು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಆಕಾರ ಸರಳ ಮಾಡಿ, ಮೈ ನುಣುಪಾಗಿರಲಿ, ಸೂಕ್ಷ್ಮ ಕೆಲಸವನ್ನೆಲ್ಲ ಬೆಳ್ಳಿಗೆ ಬಿಡಿ. ಮೈಲುತುತ್ತ (ತಾಮ್ರದ ಸಲ್ಫೇಟ್) ಹಚ್ಚಿ ತಾತ್ಕಾಲಿಕ ಕಪ್ಪು ಮಾಡಿಕೊಂಡು ಅದರ ಮೇಲೆ ಚಿತ್ರ ಕೆತ್ತುತ್ತಾರೆ, ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ (ಅಮೋನಿಯಂ ಕ್ಲೋರೈಡ್) ಲೇಪಕ್ಕೆ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಎರಕದ ಕೆಲಸವನ್ನು ಮಾತ್ರ ಒಬ್ಬರೇ ಮನೆಯಲ್ಲಿ ಮಾಡಬೇಡಿ. ಸತುವಿನ ಹೊಗೆ ಜ್ವರ ಬರಿಸುತ್ತದೆ. ಬೀದರಿನಲ್ಲಿ ಯಾರಾದರೂ ಉಸ್ತಾದರನ್ನು ಕೇಳಿಕೊಂಡು, ಮೊದಲು ಅವರ ಕುಲುಮೆ ಪಕ್ಕ ನಿಂತು ನೋಡಿ.